ಎರಡೂವರೆ ಇಂಚಿನ ಅಲಗು

ಸಾಣೆಯಜ್ಜ ಚಾಕು ತೋರಿಸಲಿಲ್ಲ. ಮೊದಲು ನಿನ್ನ ಕೈ ತೋರಿಸು ಎಂದರು.

ತೋರಿಸಿದೆ. ಅಂಗೈಯನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳು ಮಡಚಿ ಬಿಡಿಸಿ, ತೋರುಬೆರಳಿನ ಬುಡದಲ್ಲಿ ಗಟ್ಟಿಯಾದ ಚರ್ಮವನ್ನು ಒತ್ತಿ ನೋಡಿದರು. ಹದಿನೈದು ದಿನಕ್ಕೊಮ್ಮೆ ನಮ್ಮ ಪುಸ್ತಕ ಬೈಂಡಿಂಗ್ ಕಾರ್ಖಾನೆಗೆ ಬಂದು ಚಾಕುಗಳಿಗೆ ಸಾಣೆ ಹಿಡಿದುಕೊಟ್ಟು ಹೋಗುವವರು ಅವರು. ನಮ್ಮ ಮುಖಗಳಿಗಿಂತ ಕೈಗಳ ಪರಿಚಯ ಅವರಿಗೆ ಹೆಚ್ಚು.

"ಚರ್ಮದ ಮೇಜಿನೋಳಲ್ವಾ ನೀನು," ಎಂದರು. "ಏನು ಕೊಯ್ಯೋಕೆ ಬೇಕು?"

"ಕೊಯ್ಯೋಕಲ್ಲ."

"ಮತ್ತೆ?"

"ಇಟ್ಕೊಳ್ಳೋಕೆ."

ಅವರ ಎಡಗಿವಿ ಮಂದ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಹೋದೆ. ಕೈಯೆತ್ತಿ ತಡೆದರು.

"ಕೇಳಿಸ್ತು ತಾಯಿ. ಯಾರು ಅವನು?"

ಅವನ ಹೆಸರು ನನಗೆ ಗೊತ್ತಿರಲಿಲ್ಲ. ಮೆಟ್ಟಿಲರಾಯ ಅಂತ ನಾನೇ ಇಟ್ಟುಕೊಂಡಿದ್ದೆ. ನಮ್ಮ ಓಣಿಗೂ ಕಾರ್ಖಾನೆಗೂ ನಡುವೆ ರೈಲುಹಳಿ, ಹಳಿಯ ಮೇಲೆ ಕಬ್ಬಿಣದ ಕಾಲುಸೇತುವೆ, ಆ ಸೇತುವೆಗೆ ಹತ್ತಲು ನಲವತ್ತೆರಡು ಮೆಟ್ಟಿಲು. ಬೆಳಿಗ್ಗೆ ಆರು ಗಂಟೆಗೆ ಅವನು ಇಪ್ಪತ್ತೊಂದನೆಯ ಮೆಟ್ಟಿಲಿನಲ್ಲಿ, ಅವು ತಿರುಗುವ ಜಾಗದಲ್ಲಿ, ಒಂದು ಕಂಬಿಗೆ ಬೆನ್ನು ಕೊಟ್ಟು ಎದುರಿನ ಕಂಬಿಗೆ ಕಾಲು ಚಾಚಿ ಕೂತಿರುತ್ತಿದ್ದ. ಅಜ್ಜಿಯ ಕಥೆಗಳ ರಾಕ್ಷಸರಿಗೆ ಕೋರೆಹಲ್ಲು, ಉರಿಗಣ್ಣು, ಹರದಾರಿ ದೂರದಿಂದಲೇ ಬರುವ ವಾಸನೆ. ಓಡಲು ಸಮಯ ಸಿಗುತ್ತಿತ್ತು. ಇವನದು ನೀಟಾಗಿ ಬಾಚಿದ ಕ್ರಾಪು, ಇಸ್ತ್ರಿ ಮಾಡಿದ ಶರ್ಟು. ಗಂಡಸರು ಬಂದರೆ ಕಾಲು ಮಡಚುತ್ತಿದ್ದ. ನಾನು ಬಂದರೆ ಇಲ್ಲ. ದಾಟಿಯೇ ಹೋಗಬೇಕು. ಮೊದಲ ವಾರ ಬರೀ ನಗು. ಆಮೇಲೆ ಮಾತು. ಮೂರನೆಯ ವಾರ ನಾನು ದಾಟುತ್ತಿರುವಾಗಲೇ ಕಾಲನ್ನು ಒಂದು ಗೇಣು ಮೇಲೆತ್ತಿದ. ಅದರ ಮರುವಾರ ನನ್ನ ಜಡೆ ಹಿಡಿದು, ಗಂಟೆ ಬಾರಿಸುವವನ ಹಾಗೆ ಒಮ್ಮೆ ಜಗ್ಗಿ ಬಿಟ್ಟ.

ಪೊಲೀಸ್ ಠಾಣೆಗೂ ಹೋಗಿದ್ದೆ. "ಏನು ಮಾಡಿದ?" ಎಂದರು. "ಕಾಲು ಚಾಚಿದ," ಎಂದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. "ಕಾಲು ಚಾಚೋದು ಅಪರಾಧ ಅಲ್ಲಮ್ಮ." ಜಡೆಯ ವಿಷಯ ಹೇಳುವ ಹೊತ್ತಿಗೆ ಅವರು ಮುಂದಿನವರನ್ನು ಕರೆದಾಗಿತ್ತು.

ಬೇರೆ ದಾರಿ ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇದೆ. ರೈಲ್ವೆ ಗೇಟಿನ ರಸ್ತೆಗೆ ಹೋಗಿ ಮೊದಲ ಬಸ್ಸು ಹಿಡಿದರೆ ಏಳೂಕಾಲಿಗೆ ಕಾರ್ಖಾನೆ. ಆದರೆ ಚರ್ಮ ಏಳೂಕಾಲಿನವರೆಗೆ ಕಾಯುವುದಿಲ್ಲ. ಹಿಂದಿನ ಸಂಜೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಚರ್ಮ ಬೆಳಗಿನ ಮೊದಲ ಒಂದು ಗಂಟೆ ಮಾತ್ರ ಹೇಳಿದ ಹಾಗೆ ಕೇಳುತ್ತದೆ. ಆಮೇಲೆ ಮುನಿಸಿಕೊಂಡ ಬೀಗರ ಹಾಗೆ ಸೆಟೆದುಕೊಳ್ಳುತ್ತದೆ. ಪುಸ್ತಕದ ಬೆನ್ನಿಗೆ ಅದನ್ನು ಎಳೆದು ಕೂರಿಸಬೇಕೆಂದರೆ ಆರೂವರೆಗೆ ಮೇಜಿನ ಮುಂದೆ ಇರಬೇಕು. ಐದು ವರ್ಷ ಹಾಳೆ ಮಡಚಿ, ಎರಡು ವರ್ಷ ಹೊಲಿಗೆ ಹಾಕಿ, ಈ ವರ್ಷವಷ್ಟೇ ನಮ್ಮ ಮೇಸ್ತ್ರಿ ಅಕ್ಕನಿಂದ ಚರ್ಮದ ಮೇಜು ಪಡೆದಿದ್ದೆ. ಸೇತುವೆ ಬಿಟ್ಟರೆ ಮೇಜು ಬಿಟ್ಟ ಹಾಗೆಯೇ. ಮತ್ತೆ ಹಾಳೆ ಮಡಚುತ್ತ ಕೂರಬೇಕು.

ಅಣ್ಣನಿಗೂ ಹೇಳಿದೆ. ಅಣ್ಣನಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಮಲಗುವಾಗ ಹೊತ್ತಾಗುತ್ತದೆ. ಆದರೂ ನಾಲ್ಕು ದಿನ ನಿದ್ದೆಗಣ್ಣಲ್ಲೇ ಜೊತೆಗೆ ಬಂದ. ನಾಲ್ಕು ದಿನವೂ ಮೆಟ್ಟಿಲರಾಯ ಎದ್ದು ನಿಂತು, "ನಮಸ್ಕಾರ ಅಣ್ಣಾ" ಎಂದ.

"ಮನುಷ್ಯ ಚೆನ್ನಾಗೇ ಇದಾನಲ್ಲೇ," ಎಂದ ಅಣ್ಣ. "ನಿಂಗೇ ಏನೋ ಅನ್ನಿಸಿರಬೇಕು. ಸದಾ ಕನಸು ಕಾಣ್ತಾ ನಡೀತೀಯ."

ಐದನೆಯ ದಿನ ಅವನಿಗೆ ಎಚ್ಚರವಾಗಲಿಲ್ಲ. ನಾನೂ ಎಬ್ಬಿಸಲಿಲ್ಲ. ಇಪ್ಪತ್ತೊಂದನೆಯ ಮೆಟ್ಟಿಲಿನಲ್ಲಿ ಕಾಲು ಮತ್ತೆ ಕಂಬಿಗೆ ಏರಿತ್ತು.

"ಇವತ್ತು ಕಾವಲು ಇಲ್ವಾ?" ಎಂದ.

ಜಡೆ ಎಳೆದಾಗ ನನಗೆ ಅಳು ಬಂದಿತ್ತು. ಸಿಟ್ಟು ಬಂದದ್ದು ಈಗ. ಆ ನಾಲ್ಕು ದಿನ ಅವನು ದಾರಿ ಬಿಟ್ಟದ್ದು ಅಣ್ಣನಿಗೆ. ನಾನು ಅಣ್ಣನ ಕೈಯಲ್ಲಿದ್ದ ಚೀಲದ ಹಾಗೆ ದಾಟಿದ್ದೆ.

ಅಂದು ಸಂಜೆಯೇ ಸಾಣೆಯಜ್ಜನ ಅಂಗಡಿಗೆ ಹೋಗಿದ್ದು.

ಇಷ್ಟನ್ನೂ ಕೇಳಿಸಿಕೊಂಡ ಮೇಲೆ ಅವರು ಗಾಜಿನ ಪೆಟ್ಟಿಗೆಯ ಬೀಗ ತೆಗೆದರು. ನನ್ನ ಕಣ್ಣು ಆಗಲೇ ಒಂದರ ಮೇಲೆ ಬಿದ್ದಿತ್ತು. ಮುತ್ತಿನ ಚಿಪ್ಪಿನ ಹಿಡಿ, ಬೆಳಕಿಗೆ ಹಿಡಿದರೆ ಅದರೊಳಗೆ ಗುಲಾಬಿ ಬಣ್ಣದ ಮೋಡ ಸರಿದ ಹಾಗೆ. ಯಾವ ರಾಣಿಯ ದಿಂಬಿನಡಿಯಿಂದ ಎದ್ದು ಬಂದದ್ದೋ.

"ಅದು ಹಣ್ಣು ಕೊಯ್ಯೋಕೆ," ಎಂದರು. "ಮಡಚೋ ಚಾಕು. ಬಿಡಿಸೋಕೆ ಎರಡು ಕೈ ಬೇಕು, ಒಂದು ಗಳಿಗೆ ಬೇಕು. ಸ್ವಲ್ಪ ತಡಿಯಪ್ಪ, ಬಿಡಿಸ್ತಾ ಇದೀನಿ ಅಂತ ಅವನಿಗೆ ಹೇಳ್ತೀಯಾ?"

"ಹಾಗಾದ್ರೆ ಆ ಉದ್ದದ್ದು?"

"ಮೆಟ್ಟಿಲ ಮೇಲೆ ಅದನ್ನ ತಿರುಗಿಸೋಕೆ ಎಲ್ಲಿದೆ ಜಾಗ? ಕಂಬಿಗೆ ತಗಲುತ್ತೆ. ಭಾರ ಬೇರೆ. ಭಾರವಾದದ್ದನ್ನ ಯಾರೂ ಮೂರು ದಿನಕ್ಕಿಂತ ಹೆಚ್ಚು ಹೊರಲ್ಲ. ನಾಲ್ಕನೇ ದಿನ ಮನೇಲಿ ಬಿಟ್ಟು ಹೋಗ್ತೀಯ, ಅವತ್ತೇ ಅವನು ಎದ್ದು ನಿಲ್ತಾನೆ."

ಕೊನೆಗೆ ಅವರು ಪೆಟ್ಟಿಗೆಯಿಂದಲ್ಲ, ತಮ್ಮ ಮೇಜಿನ ಖಾನೆಯಿಂದ ಒಂದನ್ನು ತೆಗೆದರು. ಮಡಚುವುದಿಲ್ಲ, ಅಲಗಿನ ತುದಿಯಿಂದ ಹಿಡಿಯ ತುದಿಯವರೆಗೂ ಒಂದೇ ತುಂಡು ಉಕ್ಕು. ಅಲಗು ಎರಡೂವರೆ ಇಂಚು. ಕಪ್ಪು ಮರದ ಹಿಡಿ ನನ್ನ ನಾಲ್ಕು ಬೆರಳೂ ಕೂರುವಷ್ಟು. ಅಲಗೂ ಹಿಡಿಯೂ ಸೇರುವಲ್ಲಿ ಒಂದು ಸಣ್ಣ ಏಣು, ಬೆವರಿದ ಕೈ ಮುಂದಕ್ಕೆ ಜಾರದಿರಲಿ ಎಂದು. ಆಲೂಗಡ್ಡೆ ಸುಲಿಯುವ ಚಾಕುವಿನ ಬಡ ಸಂಬಂಧಿಯಂತಿತ್ತು.

"ಚೆನ್ನಾಗಿಲ್ಲ," ಎಂದೆ.

"ಅದರ ಜೊತೆ ಮದುವೆನಾ ನಿಂಗೆ?"

ಒರೆಯನ್ನು ಅವರು ಚಾಕುವಿಗಿಂತ ಹೆಚ್ಚು ಹೊತ್ತು ಆರಿಸಿದರು. ಚಾಕು ಹಾಕಿ, ತಲೆಕೆಳಗು ಮಾಡಿ ಜೋರಾಗಿ ಅಲ್ಲಾಡಿಸಿದರು. ಬೀಳಲಿಲ್ಲ. ಹೆಬ್ಬೆರಳಿಂದ ಒರೆಯ ಅಂಚನ್ನು ಒತ್ತಿದರೆ ಟಕ್ ಎಂದು ಕೈಗೆ ಬಂತು. "ಚೀಲದಲ್ಲಿ ಇಡಬೇಡ," ಎಂದರು. "ಚೀಲದಲ್ಲಿರೋ ಚಾಕು ಅಂದ್ರೆ ಮನೇಲಿರೋ ಚಾಕು. ಸೊಂಟದ ಪಟ್ಟಿಗೆ, ಹೊಕ್ಕುಳಿಂದ ನಾಲ್ಕು ಬೆರಳು ಎಡಕ್ಕೆ. ಎರಡು ಕೈಗೂ ಎಟುಕಬೇಕು. ದಿನಾ ನೂರು ಸಲ ತೆಗೆ, ನೂರು ಸಲ ಹಾಕು. ಇನ್ನೊಂದು ಮಾತು. ಇದು ತೋರಿಸೋಕಲ್ಲ, ಹೆದರಿಸೋಕಲ್ಲ. ಓಡೋಕೆ ಜಾಗ ಇದ್ರೆ ಓಡು. ಇಲ್ದೇ ಹೋದ್ರೆ ಜಾಗ ಮಾಡ್ಕೊಳ್ಳೋಕೆ ಇದು."

ಮನೆಗೆ ಬಂದು ಅಜ್ಜಿಗೆ ಮಾತ್ರ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಅಡುಗೆಮನೆಯಿಂದ ಒಂದು ಈರುಳ್ಳಿ ತಂದು ಹೆಚ್ಚಿ ನೋಡಿದಳು.

"ಈರುಳ್ಳಿಗೂ ಸಾಲದು ಇದು. ಒಂದು ಸಂಜೆ ಪೂರ್ತಿ ಕೂತು ಆರಿಸಿದ್ದು ಇದನ್ನಾ?"

"ನಿನ್ನ ಕಥೇಲಿ ಕತ್ತಿ ಎಲ್ಲಿಂದ ಬರ್ತಿತ್ತು ಅಜ್ಜಿ? ಅಂಗಡಿಗೆ ಹೋಗಿದ್ದು ಯಾರೂ ಇಲ್ವಲ್ಲ."

"ಹುತ್ತದಿಂದ ಬರ್ತಿತ್ತು, ಮೀನಿನ ಹೊಟ್ಟೆಯಿಂದ ಬರ್ತಿತ್ತು. ಅಂಗಡಿ ಅಂದಿದ್ರೆ ನೀನು ಮಿಠಾಯಿ ಕೇಳ್ತಿದ್ದೆ, ಮಲಗ್ತಿರಲಿಲ್ಲ." ದಾರ ಪೋಣಿಸಿ ಸೂಜಿಯನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದುಕೊಂಡಳು. ಹೆಂಗಸರ ಬಟ್ಟೆ ಹೊಲಿಯುವವರಿಗೆ ಜೇಬಿನ ಮೇಲೆ ಏನು ಸಿಟ್ಟೋ, ನನ್ನ ಯಾವ ಉಡುಪಿಗೂ ಏನನ್ನೂ ಸಿಕ್ಕಿಸಲು ಜಾಗವಿರಲಿಲ್ಲ. ಅಜ್ಜಿ ನನ್ನ ಮೂರು ಉಡುಪಿಗೂ ಸೊಂಟದ ಒಳಮಗ್ಗುಲಲ್ಲಿ ಗಟ್ಟಿ ಪಟ್ಟಿ ಕೂರಿಸಿಕೊಟ್ಟಳು.

"ಅಣ್ಣನಿಗೆ ಹೇಳಬೇಡ."

"ನಾನು ಹೇಳಿದ್ದು ಅವನಿಗೆ ಯಾವ ಕಾಲಕ್ಕೆ ಕೇಳಿಸಿದೆ?"

ಹತ್ತು ದಿನ ಕನ್ನಡಿಯ ಮುಂದೆ ತೆಗೆದೆ, ಹಾಕಿದೆ. ಆ ಹತ್ತು ದಿನವೂ ಅವನ ಕಾಲು ದಾಟಿಯೇ ಹೋದೆ, ಸೊಂಟದಲ್ಲಿ ಅದು ಇದೆ ಎಂದು ನನಗೆ ಮಾತ್ರ ಗೊತ್ತು. ಆ ಗೊತ್ತಿರುವಿಕೆಯೇ ನನ್ನ ಬೆನ್ನನ್ನು ಎರಡು ಇಂಚು ಎತ್ತರ ಮಾಡಿತ್ತು. ಎಲ್ಲವನ್ನೂ ಕಲಿತೆನೆಂದುಕೊಂಡಿದ್ದೆ. ಕಲಿತದ್ದನ್ನು ಮರೆಯುವುದೂ ಇದೆ ಎಂದು ಸಾಣೆಯಜ್ಜ ಹೇಳಿರಲಿಲ್ಲ. ಅವರಿಗೂ ಹೊಳೆದಿರಲಾರದು.

ನಮ್ಮ ಕಾರ್ಖಾನೆಯಲ್ಲಿ ಚಾಕು ಕೊಡುವುದಕ್ಕೆ ಒಂದು ಕ್ರಮವಿದೆ. ಒಂದು ಮೇಜಿಗೆ ಎಂಟು ಜನ, ಚಾಕುಗಳು ಮೂರೋ ನಾಲ್ಕೋ. ದಿನವಿಡೀ ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಯಾರಾದರೂ ಅಂಗೈ ಚಾಚಿದರೆ, ಇದ್ದವರು ಚಾಕುವನ್ನು ತಿರುಗಿಸಿ, ಅಲಗಿನ ಬೆನ್ನನ್ನು ಮೂರು ಬೆರಳಲ್ಲಿ ಚಿವುಟಿ ಹಿಡಿದು, ಹಿಡಿಯನ್ನು ಅವರ ಕಡೆಗೆ ಮಾಡಬೇಕು. ತೆಗೆದುಕೊಂಡವರು "ಬಂತು" ಅನ್ನಬೇಕು. ಬಂತು ಎಂದು ಕಿವಿಗೆ ಬೀಳುವವರೆಗೆ ಕೊಟ್ಟವರು ಬೆರಳು ಸಡಿಲಿಸುವಂತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಮೇಸ್ತ್ರಿ ಅಕ್ಕ ಮರದ ಪಟ್ಟಿ ಹಿಡಿದು ಇದನ್ನೊಂದನ್ನೇ ಕಲಿಸುತ್ತಾರೆ. ಏಳು ವರ್ಷ, ದಿನಕ್ಕೆ ಎಷ್ಟು ಸಲವೋ. ನಮ್ಮ ಮೇಜಿನಲ್ಲಿ ಯಾರೂ ಚಾಕು ಕೊಡುವಾಗ ತಲೆಯೆತ್ತಿ ನೋಡುವುದಿಲ್ಲ.

ಹನ್ನೊಂದನೆಯ ದಿನ ಮೆಟ್ಟಿಲರಾಯ ಕೂತಿರಲಿಲ್ಲ, ನಿಂತಿದ್ದ. ಎರಡು ಕೈಯಲ್ಲಿ ಎರಡು ಕಂಬಿ.

"ದಿನಾ ದಾಟಿ ಹೋಗ್ತೀಯ, ಒಂದು ಮಾತೂ ಆಡಲ್ಲ. ಅಷ್ಟೊಂದು ದೊಡ್ಡಸ್ತಿಕೆನಾ?"

"ದಾರಿ ಬಿಡಿ."

"ಬಿಡಿ ಅಂದ್ರೆ ಹೇಗೆ? ಹೆಸರು ಹೇಳು, ಬಿಡ್ತೀನಿ."

ಹಿಂದಕ್ಕೆ ಒಂದು ಮೆಟ್ಟಿಲು ಇಳಿದೆ. ಅವನೂ ಇಳಿದು ನನ್ನ ಚೀಲದ ಪಟ್ಟಿಗೆ ಕೈ ಹಾಕಿದ. ಇನ್ನೊಂದು ಕೈ ನನ್ನ ತೋಳಿಗೆ. ಓಡಲು ಜಾಗವಿರಲಿಲ್ಲ.

ಟಕ್. ಕನ್ನಡಿಯ ಮುಂದೆ ಬಂದ ಹಾಗೆಯೇ ಕೈಗೆ ಬಂತು. ಬೆರಳುಗಳು ಇರಬೇಕಾದಲ್ಲಿ ಇದ್ದವು. ಅವನು ತೋಳು ಬಿಟ್ಟ. ಮುಖದ ಬಣ್ಣ ಒಮ್ಮೆ ಹೋಯಿತು, ಆಮೇಲೆ ಹಿಂತಿರುಗಿ ಬಂತು. ಮಗುವಿನ ಕೈಯಿಂದ ಕತ್ತರಿ ಕೇಳುವವರ ಹಾಗೆ ಅಂಗೈ ಚಾಚಿದ.

"ಏನದು? ಕೊಡಿಲ್ಲಿ."

ಕೊಟ್ಟೆ.

ಹೇಳಿಕೊಳ್ಳಲು ಈಗಲೂ ನಾಚಿಕೆ. ಚಾಚಿದ ಅಂಗೈ ಕಂಡಿತು. ನನ್ನ ಕೈ ನನ್ನನ್ನು ಕೇಳದೆ ಚಾಕುವನ್ನು ತಿರುಗಿಸಿ, ಅಲಗಿನ ಬೆನ್ನನ್ನು ಮೂರು ಬೆರಳಲ್ಲಿ ಚಿವುಟಿ, ಹಿಡಿಯನ್ನು ನೀಟಾಗಿ ಅವನ ಕಡೆಗೆ ಮಾಡಿತು. ಅವನು ಹಿಡಿದುಕೊಂಡ. ಅವನಿಗೂ ನಂಬಿಕೆ ಬರಲಿಲ್ಲ, ಬಾಯಿ ಸ್ವಲ್ಪ ತೆರೆದೇ ಇತ್ತು. ಎಳೆದ.

ಬರಲಿಲ್ಲ.

ಅವನು "ಬಂತು" ಅಂದಿರಲಿಲ್ಲ. ನನ್ನ ಬೆರಳುಗಳು ಕಾಯುತ್ತಿದ್ದವು. ದಿನವೂ ಒದ್ದೆ ಚರ್ಮವನ್ನು ಎಳೆದು ರಟ್ಟಿನ ಅಂಚಿಗೆ ಕೂರಿಸುವ ಬೆರಳುಗಳು. ಒಮ್ಮೆ ಚಿವುಟಿದರೆ ಇಕ್ಕಳ. ಅವನು ಇನ್ನೊಮ್ಮೆ ಎಳೆದ. ಅಷ್ಟರಲ್ಲಿ ನನ್ನ ಬುದ್ಧಿ ಕೈಯ ಹಿಂದೆ ಓಡೋಡಿ ಬಂದು ಸೇರಿಕೊಂಡಿತು. ಏನು ಮಾಡಿಬಿಟ್ಟೆ ಎಂದು ತಿಳಿಯಿತು. ಹಿಡಿ ಅವನ ಕೈಯಲ್ಲಿ. ಈಗ ಬಿಟ್ಟರೆ ಮೇಜೂ ಇಲ್ಲ, ಸೇತುವೆಯೂ ಇಲ್ಲ, ಏನೂ ಇಲ್ಲ.

"ಬಿಡೇ," ಎಂದ.

"ನೀನು ಬಿಡು."

ಮಣಿಕಟ್ಟು ತಿರುಚಿ ಎಳೆದ. ಅಲಗಿನ ಬಾಯಿ ನನ್ನ ತೋರುಬೆರಳಿನ ಒಳಮೈಗೆ ತಾಗಿತು. ಮೊದಲು ತಣ್ಣಗೆ, ಆಮೇಲೆ ಬಿಸಿ. ರಕ್ತ ಅಲಗಿನ ಉದ್ದಕ್ಕೂ ಇಳಿದು ಹಿಡಿಯ ಮೇಲೆ ಹೋಗಿ, ಅವನ ಬೆರಳಿನ ಸಂದಿಯಿಂದ ಇಸ್ತ್ರಿ ಮಾಡಿದ ತೋಳಿಗೆ ಮುಟ್ಟಿತು. ಅವನು ಅದನ್ನು ನೋಡಿದ. ನಾನು ಅವನನ್ನು ನೋಡಿದೆ. ನೋವು ಇತ್ತು, ಆದರೆ ಅದು ಪಕ್ಕದ ಮನೆಯ ಜಗಳದ ಹಾಗೆ, ಕೇಳಿಸುತ್ತಿತ್ತು ಅಷ್ಟೆ.

"ಬೆರಳು ಹೋಗುತ್ತೆ. ಹುಚ್ಚಿ ಥರ ಆಡಬೇಡ."

"ಹೋಗ್ಲಿ. ನನ್ನ ಬೆರಳು ತಾನೆ. ನಿಂಗೇನು?"

"ನಾನೇನೂ ಮಾಡಿಲ್ಲ, ನೀನೇ..."

"ನೀನು ಹಿಡ್ಕೊಂಡಿದೀಯ. ಬಿಡು."

ನನ್ನ ಗಂಟಲಿನಿಂದ ಬಂದದ್ದು ಮೇಸ್ತ್ರಿ ಅಕ್ಕನ ಸ್ವರ; ಹಾಳೆ ಸೊಟ್ಟ ಮಡಚಿದವರನ್ನು ಎಬ್ಬಿಸಿ ನಿಲ್ಲಿಸುವ ಸ್ವರ. ಇಷ್ಟು ವಾರ ಅವನು ಕಾದದ್ದು ನಾನು ಹೆದರುವುದನ್ನು ನೋಡಲು. ಹೆದರಿಯೂ ಬಿಡದವಳನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾದ ಪಾತ್ರೆ ಬಿಟ್ಟ ಹಾಗೆ ಬಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೂಲೆಯ ಕಂಬಿಗೆ ಅಂಟಿ ನಿಂತ.

ಜಾಗವಾಯಿತು. ಓಡಬೇಕಿತ್ತು. ನಡೆದೆ. ಉಳಿದ ಇಪ್ಪತ್ತೊಂದು ಮೆಟ್ಟಿಲನ್ನು ಒಂದೊಂದಾಗಿ ಎಣಿಸಿದ್ದು ನೆನಪಿದೆ.

ಕಾರ್ಖಾನೆಯಲ್ಲಿ ಮೇಸ್ತ್ರಿ ಅಕ್ಕ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಸುತ್ತುತ್ತ ಎಲ್ಲವನ್ನೂ ಹೇಳಿಸಿದರು. ಮೇಜಿನವರೆಲ್ಲ ಸುತ್ತ ನಿಂತಿದ್ದರು.

"ತಿರುಗಿಸಿ ಕೊಟ್ಯಾ?" ಎಂದರು ಅಕ್ಕ.

"ಹೂಂ."

"ಹಿಡಿ ಮುಂದೆ ಮಾಡಿ?"

"ಹೂಂ ಅಕ್ಕ."

ಯಾರೋ ಹಿಂದಿನಿಂದ, "ಅವನು ಬಂತು ಅಂದಿದ್ರೆ ಗತಿ ಏನೇ?" ಎಂದರು. ಮೊದಲು ನಕ್ಕದ್ದು ನಾನು. ಆಮೇಲೆ ಎಲ್ಲರೂ, ಕಣ್ಣಲ್ಲಿ ನೀರು ಬರುವವರೆಗೆ. ಅಕ್ಕ ನಗಲಿಲ್ಲ. "ಕಲಿಸಿದೋಳು ನಾನೇ," ಎಂದು ಗಂಟು ಬಿಗಿದರು, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಿಗಿಯಾಗಿ.

ಸಂಜೆ ಅಣ್ಣ ಆ ಬಟ್ಟೆ ಬಿಚ್ಚಿ, ಔಷಧಿ ಹಚ್ಚಿ, ಮೊದಲಿಂದ ಸರಿಯಾಗಿ ಕಟ್ಟಿದ. ಕಟ್ಟುವ ಕೈ ಮೃದು, ಬಾಯಿ ಮಾತ್ರ ನಿಲ್ಲಲಿಲ್ಲ.

"ಸಾಕು ಇನ್ನು. ಹಾಳೆ ಮಡಚೋ ಕೆಲಸಕ್ಕೆ ಏನಾಗಿದೆ? ಎಂಟು ಗಂಟೆಗೆ ಹೋದ್ರೆ ಸಾಕು. ಅವನು ಕಿತ್ಕೊಂಡು ಚುಚ್ಚಿದ್ರೆ?"

"ಅವನು ಕಿತ್ಕೊಳ್ಳಲಿಲ್ಲ. ನಾನೇ ಕೊಟ್ಟೆ."

"ಅದನ್ನೇ ಹೇಳ್ತಿರೋದು ನಾನೂ." ಕೈ ಚಾಚಿದ. "ಕೊಡು ಅದನ್ನ."

ನನ್ನ ಇನ್ನೊಂದು ಕೈ ಸೊಂಟದ ಕಡೆಗೆ ಹೊರಟೇಬಿಟ್ಟಿತ್ತು. ಹಿಡಿದು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

"ಕೊಡಲ್ಲ."

"ನಾನು ನಿನ್ನ ಅಣ್ಣ ಕಣೇ."

"ಹೌದು. ಆದ್ರೂ ಕೊಡಲ್ಲ. ನೀನು ನಾಲ್ಕು ದಿನ ಬಂದೆ. ಅವನು ನಮಸ್ಕಾರ ಹೇಳಿದ್ದು ಯಾರಿಗೆ?"

ಅಣ್ಣ ಟೇಪು ಕತ್ತರಿಸಿದ, ಅಂಟಿಸಿದ, ಕತ್ತರಿಯನ್ನು ಪೆಟ್ಟಿಗೆಯಲ್ಲಿಟ್ಟ.

"ಹಾಗಾದ್ರೆ ನಾನು ದಂಡ," ಎಂದ.

"ದಂಡ ಅಲ್ಲ. ನೀನು ಬಂದ್ರೆ ಅದು ನಿನ್ನ ದಾರಿ ಆಗುತ್ತೆ, ಅಷ್ಟೆ."

ಅವನು ಎದ್ದು ಹೋದ ಮೇಲೆ ಅಜ್ಜಿ ಹತ್ತಿರ ಸರಿದು ಅಂಗೈ ಚಾಚಿದಳು. "ಕೊಡು ಕಂದಾ." ಕೈ ಮತ್ತೆ ಅಲುಗಿತು. ಅಜ್ಜಿ ಫಟ್ಟನೆ ಮಣಿಕಟ್ಟಿಗೆ ಹೊಡೆದಳು. ಆಮೇಲೆ ಪೊಲೀಸಿನವರ ಸ್ವರದಲ್ಲಿ ಕೇಳಿದಳು, ಯಜಮಾನರ ಸ್ವರದಲ್ಲಿ ಕೇಳಿದಳು, ಅಳುತ್ತ ಕೇಳಿದಳು, ಮುದ್ದು ಮಾಡುತ್ತ ಕೇಳಿದಳು. ರಾಕ್ಷಸನಿಗೂ ರಾಣಿಗೂ ಬೇರೆ ಬೇರೆ ಗಂಟಲು ಇಟ್ಟುಕೊಂಡವಳಿಗೆ ಇದೇನು ಕಷ್ಟ? ಮುದ್ದಿನ ಸ್ವರಕ್ಕೆ ಕೈ ತಡೆಯುವುದೇ ಎಲ್ಲಕ್ಕಿಂತ ತಡವಾಗಿ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅಣ್ಣ ನಿಂತಿದ್ದ, ಕೂದಲು ಹಕ್ಕಿಗೂಡು.

"ಬರ್ಲಾ?"

"ಬೇಡ."

"ಕಟ್ಟು ಒದ್ದೆ ಮಾಡ್ಕೋಬೇಡ," ಎಂದು ಒಳಗೆ ಹೋದ. ಮಲಗಲು ಹೋಗಲಿಲ್ಲ, ಕಿಟಕಿಯ ಪರದೆ ಸರಿದದ್ದು ನನಗೆ ಕಾಣಿಸಿತು.

ಮೆಟ್ಟಿಲರಾಯ ಇದ್ದ. ಜೊತೆಗೆ ಇನ್ನೊಬ್ಬ. ಸೊಂಟದ ಮೇಲೆ ಕೈ ಇಡಲಿಲ್ಲ ನಾನು, ನಡಿಗೆಯನ್ನು ನಿಧಾನವೂ ಮಾಡಲಿಲ್ಲ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. "ಇವಳೇ ಕಣೋ ಆ ಹುಚ್ಚಿ," ಎಂದ ಅವನು, ಮೆಲ್ಲಗೆ, ಮತ್ತು ಕಾಲು ಮಡಚಿದ. ಇನ್ನೊಬ್ಬನೂ ಮಡಚಿದ. ನಮಸ್ಕಾರ ಬರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ಮೇಲೆ ಹತ್ತಿದೆ. ಇಷ್ಟು ದಿನ ಆ ಸೇತುವೆಯನ್ನು ನಾನು ನೋಡಿರಲೇ ಇಲ್ಲ, ಬರೀ ದಾಟಿದ್ದೆ. ಬೆನ್ನಲ್ಲೇ ಕಣ್ಣಿಟ್ಟುಕೊಂಡು, ಉಸಿರು ಹಿಡಿದು. ನಡುವಿಗೆ ಬಂದಾಗ ನಿಂತೆ. ಹಳಿಗಳು ಹೊಳೆಯುತ್ತಿದ್ದವು. ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಹಳದಿ ಚಾದರ. ದೂರದಿಂದ ಒಂದು ಗೂಡ್ಸ್ ರೈಲು ಬಂದು, ಅದರ ಡಬ್ಬಿಗಳು ಒಂದರ ಹಿಂದೆ ಒಂದು ನನ್ನ ಪಾದದಡಿ ಹಾದವು. ಕಬ್ಬಿಣ ನಡುಗಿ, ಆ ನಡುಕ ನನ್ನ ಹಲ್ಲಿನವರೆಗೂ ಬಂತು. ಕೆಳಗಿನಿಂದ ಅವರಿಬ್ಬರೂ ತಲೆಯೆತ್ತಿ ನೋಡುತ್ತಿದ್ದರು. ನೋಡಿಕೊಳ್ಳಲಿ. ಕೊನೆಯ ಡಬ್ಬಿ ಹೋಗುವವರೆಗೂ ನಾನು ಅಲ್ಲಾಡಲಿಲ್ಲ.

ಒಳಗೆ ಕಾಲಿಡುವಾಗ ಮೇಸ್ತ್ರಿ ಅಕ್ಕ ಗೋಡೆಯ ಗಡಿಯಾರ ನೋಡಿದರು, ಆಮೇಲೆ ನನ್ನ ಕೈಯ ಕಟ್ಟು ನೋಡಿದರು.

"ನಾಲ್ಕು ನಿಮಿಷ ತಡ. ಮತ್ತೆ ಅಡ್ಡ ಹಾಕಿದ್ನಾ?"

"ಇಲ್ಲ ಅಕ್ಕ. ಸೇತುವೆ ಮೇಲೆ ನಿಂತಿದ್ದೆ."

"ಯಾಕೆ?"

"ಸುಮ್ನೆ."

ಅಕ್ಕ ಒದ್ದೆ ಬಟ್ಟೆಯ ಸುರುಳಿಯನ್ನು ನನ್ನ ಮುಂದೆ ತಳ್ಳಿದರು.

"ನಾಳೆ ನಾಲ್ಕು ನಿಮಿಷ ಮುಂಚೆ ಹೊರಟು ನಿಲ್ಲು."